ಹಳೆಯ ಬೆಂಝ್‌ನ ದುಡಿಮೆ

ಬೆಂಝ್ ಎಂದರೆ ನಮ್ಮಲ್ಲಿ ಶ್ರೀಮಂತರ ಅಂಗಳದ ಕಾರು. ಗ್ರೀಸ್‌ನ ಥೆಸಲೋನಿಕಿಯ ಟ್ಯಾಕ್ಸಿ ಚಾಲಕ ಗ್ರಿಗೋರಿಯೋಸ್ ಸಾಖಿನಿದಿಸ್ ಅವರಿಗೆ ಅದು ಹೊಟ್ಟೆಪಾಡು. 1976ರ ಮಾದರಿಯ 240ಡಿ ಕಾರನ್ನು ಅವರು 1981ರಲ್ಲಿ ಕೊಂಡಾಗಲೇ ಅದು 2.20 ಲಕ್ಷ ಕಿಲೋಮೀಟರ್ ಓಡಿತ್ತು. ಇನ್ನೊಬ್ಬರು ಬಳಸಿಬಿಟ್ಟದ್ದನ್ನು ಕೊಳ್ಳಲು ನಾವೆಷ್ಟು ಹಿಂಜರಿಯುತ್ತೇವೆ ಹೇಳಿ! ಆ ಡೀಸೆಲ್ ಇಂಜಿನ್ ನಿಧಾನ, ಸದ್ದೂ ಹೆಚ್ಚು. ಅದು ಸವೆದಾಗ ಕಾರನ್ನು ಗುಜರಿಗೆ ಹಾಕಲಿಲ್ಲ. ಇಂಜಿನ್ ಇಳಿಸಿ ಇನ್ನೊಂದನ್ನು ಕೂರಿಸಿದರು, ಇಳಿಸಿದ್ದನ್ನು ರಿಪೇರಿ ಮಾಡಿಸಿ ಮತ್ತೆ ಸರದಿಗೆ ಇಟ್ಟರು. ಹಾಗೆ ಓಡಿದ್ದು 46 ಲಕ್ಷ ಕಿಲೋಮೀಟರ್! ಇಂಜಿನ್ ಬದಲಾದ ಮೇಲೂ ಅದು ಅದೇ ಕಾರೇ ಎಂದು ತರ್ಕಶಾಸ್ತ್ರ ಓದಿದವರು ಕೇಳಲಿ. ಬಾಡಿಗೆಯಿಂದ ಮನೆ ನಡೆಸುವವನಿಗೆ ಅಂತಹ ಸಂಶಯ ಬರುವುದಿಲ್ಲ. 2004ರಲ್ಲಿ ಕಂಪೆನಿ ಆ ಕಾರನ್ನು ತನ್ನ ಮ್ಯೂಸಿಯಂಗೆ ಪಡೆದು, ಅವರಿಗೆ ಹೊಸದೊಂದನ್ನು ಕೊಟ್ಟಿತು.