ಮೂರು ಸೀಸೆ ಪೋರ್ಟ್ ವೈನು, ಎರಡು ಬೋಗುಣಿ ಅನ್ನ

ಈ ಸಲ ಗೊಬ್ಬರದ ಮಾತಲ್ಲ, ಕೆನಾಲ್ ನೀರಿನ ಮಾತೂ ಅಲ್ಲ. ಪೋರ್ಟ್ ವೈನ್ ಬಗ್ಗೆ ಬರೀತಿದ್ದೀನಿ. ನಗಬ್ಯಾಡ್ರಿ, ಕೊನೆತನಕ ಓದ್ರಿ. ಕುಡೀರಿ ಅಂತ ಹೇಳಾಕ ಬರೆದಿದ್ದಲ್ಲ ಇದು. ಕುಡಿಯದವರು ಹಂಗೇ ಇದ್ರೆ ಚಲೋ. ನಾನು ಕೊನೆಗೆ ಬರೋದು ನಮ್ಮ ಭತ್ತಕ್ಕೇ.

ಹೋದ ತಿಂಗಳು ಬೆಂಗಳೂರಿಂದ ಅಕ್ಕನ ಮಗ ಬಂದಿದ್ದ. ಬರುವಾಗ ಮೂರು ಸೀಸೆ ತಂದಿದ್ದ. ಎರಡು ಪೋರ್ಚುಗಲ್ ದೇಶದ ಪೋರ್ಟ್: ಒಂದು ರೂಬಿ, ಇನ್ನೊಂದು 10 ವರ್ಷದ್ದು ಅಂತ ಬರೆದ ಟಾನಿ. ಮೂರನೇದು ನಮ್ಮ ರಾಜ್ಯದ ಅಂಗಡೀಲೇ ಸಿಗೋದು, ಅದರ ಮೇಲೂ ಪೋರ್ಟ್ ಅಂತಲೇ ಇತ್ತು. ಊಟ ಆದ್ಮೇಲೆ ಸೀಸೆಗಳಿಗೆ ಟವೆಲ್ ಸುತ್ತಿ, ಮೂರು ಗಾಜಿನ ಲೋಟಕ್ಕೆ ಎರಡೆರಡು ಗುಟುಕು ಹಾಕಿ, "ಮಾವ, ಯಾವುದು ಯಾವುದು ಅಂತ ಹೇಳ್ರಿ ನೋಡೋಣ" ಅಂದ.

ಪೋರ್ಟ್ ಅಂದ್ರೆ ಏನು ಅಂತ ಅವನೇ ತಿಳಿಸಿದ. ದೋರೂ ನದಿ ಕಣಿವೆಯ ದ್ರಾಕ್ಷಿ. ರಸ ಹುಳಿ ಬರ್ತಾ ಅರ್ಧ ಸಿಹಿ ಉಳಿದಿರುವಾಗಲೇ ಅದಕ್ಕೆ ದ್ರಾಕ್ಷಿಯದೇ ಗಟ್ಟಿ ಮದ್ಯ ಸುರೀತಾರೆ. ಹುಳಿ ಬರೋದು ಅಲ್ಲಿಗೇ ನಿಲ್ಲುತ್ತೆ, ಸಿಹಿ ಉಳಿಯುತ್ತೆ, ಮದ್ಯದ ಅಂಶ ಶೇ. 20ರ ಆಸುಪಾಸು ಬರುತ್ತೆ. ಇಲ್ಲಿವರೆಗೆ ರೂಬಿ, ಟಾನಿ ಎರಡೂ ಒಂದೇ. ಆಮೇಲೆ ದಾರಿ ಬೇರೆ. ರೂಬಿಯನ್ನ ದೊಡ್ಡ ತೊಟ್ಟಿಯಲ್ಲಿ ಗಾಳಿ ತಾಗದಂಗ ಎರಡು ಮೂರು ವರ್ಷ ಇಟ್ಟು ಸೀಸೆಗೆ ತುಂಬ್ತಾರೆ. ಟಾನಿಯನ್ನ ಸಣ್ಣ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡ್ತಾರೆ, ಮರದ ಮೂಲಕ ಗಾಳಿ ಆಡುತ್ತೆ.

ಮೊದಲ ಲೋಟ ಕೆಂಪು, ನೇರಳೆಹಣ್ಣಿನ ಘಮ, ಬಾಯಲ್ಲಿ ಬಿಸಿ. ಎರಡನೇದು ಹಳೇ ಬೆಲ್ಲದ ಬಣ್ಣ, ಉತ್ತತ್ತಿ ಮತ್ತು ಹುರಿದ ಶೇಂಗಾ ನೆನಪಾಯ್ತು, ನುಂಗಿದ ಮೇಲೂ ರುಚಿ ಹೋಗಲೇ ಇಲ್ಲ. ಮೂರನೇದು ಬಾಯಿಗಿಟ್ಟ ಕೂಡಲೇ ಸಿಹಿ, ಕೂಡಲೇ ಮಾಯ. ಆದ್ರೆ ವಾಸನೆ ಮಾತ್ರ ಗುರುತಿನದು. ಕುಡಿಯದ ನಮ್ಮ ಮನಿಯಾಕಿ ಲೋಟ ಮೂಸಿ, "ಇದು ಸಂತಿ ಒಳಗ ಸಿಗೋ ಕಪ್ಪು ದ್ರಾಕ್ಷಿ ಅಲ್ಲೇನ್ರಿ" ಅಂದ್ಲು. ಖರೆ ಇತ್ತು. ಅದು ಬೆಂಗಳೂರು ನೀಲಿ ದ್ರಾಕ್ಷಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರು ಬೆಳೆಯೋದು, 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು.

ನನಗೆ ಕೆಟ್ಟದು ಅನ್ನಿಸಿದ್ದು ಆ ವೈನಿನ ರುಚಿ ಅಲ್ಲ, ಸೀಸೆ ಮೇಲಿನ ಹೆಸರು. ತನ್ನದೇ ಘಮ ಇರೋ ದ್ರಾಕ್ಷಿ ಯಾಕೆ ಇನ್ನೊಬ್ಬರ ಊರಿನ ಹೆಸರು ಹೊತ್ಕೊಂಡು ತಿರುಗಬೇಕು? ದೋರೂದವರು 1756ರಲ್ಲೇ ತಮ್ಮ ಕಣಿವೆಗೆ ಗಡಿ ಹಾಕಿಸಿಕೊಂಡ್ರು. ಎಳೇದನ್ನ ಎಳೇದು ಅಂತಲೇ ಮಾರ್ತಾರೆ, ಹಳೇದರ ಮೇಲೆ 10, 20, 30, 40 ಅಂತ ಬರೀತಾರೆ. ಪೀಪಾಯಿಯಿಂದ ವರ್ಷಾ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತೆ. ಆ ನಷ್ಟವನ್ನೂ ಸೇರಿಸಿಯೇ ರೇಟು.

ಈಗ ನಮ್ಮ ಕಥಿ. ಮರುದಿನ ಮನಿಯಾಕಿಗೆ ಎರಡು ಬೋಗುಣಿ ಅನ್ನ ಮಾಡಾಕ ಹೇಳಿದೆ. ಒಂದೇ ಹೊಲದ ಸೋನಾ ಮಸೂರಿ, ಒಂದು ಈ ವರ್ಷದ್ದು, ಇನ್ನೊಂದು ಹೋದ ವರ್ಷದ್ದು. ಹೊಸದು ಮುದ್ದೆ ಆಯ್ತು, ಹುಗ್ಗಿಗೆ, ಮೊಸರನ್ನಕ್ಕೆ ಭೇಷ್. ಹಳೇದು ಅರ್ಧ ಲೋಟ ನೀರು ಜಾಸ್ತಿ ಕುಡೀತು, ಉಬ್ಬಿತು, ಅಗಳು ಅಗಳು ಬಿಡಿ ಬಿಡಿ. ನೆಲ ಒಂದೇ, ಬೀಜ ಒಂದೇ. ವ್ಯತ್ಯಾಸ ಒಂದು ವರ್ಷದ ಕಾಲ ಅಷ್ಟೇ.

ಆ ಒಂದು ವರ್ಷದ ದುಡ್ಡು ಯಾರಿಗೆ ಹೋಗ್ತದ? ಹಾರ್ವೆಸ್ಟರ್ ಗದ್ದೆಯಿಂದ ಹೊರಗೆ ಬರೋದ್ರೊಳಗೆ ನಾವು ಹಸಿ ಭತ್ತ ತೂಕ ಹಾಕಿ ಕೊಟ್ಟಿರ್ತೀವಿ. ಅದು ಇನ್ಯಾರದೋ ಗೋದಾಮಿನಲ್ಲಿ ಹಳೇದಾಗುತ್ತೆ. ಇಲ್ಲಾಂದ್ರೆ ಭತ್ತಕ್ಕೆ ಸ್ಟೀಮ್ ಕೊಟ್ಟು, ಹೊಸ ಅಕ್ಕಿಯೇ ಹಳೇದರಂಗ ಉದುರುದುರಾಗಿ ಬೇಯುತ್ತೆ. ಸ್ಟೀಮ್ ಅಕ್ಕಿ ತಪ್ಪಲ್ಲ, ಆದ್ರೆ ಅದು ಹಳೇ ಅಕ್ಕಿನೂ ಅಲ್ಲ. ಚೀಲದ ಮೇಲೆ ಅದನ್ನ ಸರಿಯಾಗಿ ಬರೀಬೇಕು.

"ಸಾಲ ಇದೆ, ಇಡೋದು ಹೆಂಗ್ರಿ" ಅಂತೀರಿ. ಗೊತ್ತು, ನಾನೂ ಪ್ರತಿ ಸಲ ಕಣದಲ್ಲೇ ಮಾರಿದವನೇ. ಬಡ್ಡಿ ಇದೆ, ಹುಳ ಇದೆ, ಇಲಿ ಇದೆ, ತೂಕ ಇಳಿಯುತ್ತೆ. ಅದಕ್ಕೇ ಎಲ್ಲಾ ಇಡ್ರಿ ಅನ್ನಲ್ಲ. ಎಕರೆಗೆ ಎರಡು ಚೀಲ ಇಡ್ರಿ. ತೇವ ಶೇ. 14ಕ್ಕಿಂತ ಕೆಳಗೆ ಇಳಿಯೋತನಕ ಒಣಗಿಸಿ, ಚೀಲದ ಮೇಲೆ ತಳಿ, ಹೊಲ, ಕೊಯ್ದ ತಿಂಗಳು ಬರೀರಿ. ನೋಂದಾಯಿತ ಗೋದಾಮಿನಲ್ಲಿಟ್ಟು ರಸೀದಿ ಮೇಲೆ ಸಾಲ ತಗೊಳ್ಳೋ ದಾರಿನೂ ಇದೆ, ಒಮ್ಮೆ ವಿಚಾರಿಸ್ರಿ.

ಮತ್ತೊಂದು ಮಾತು. ಕೆಂಚನಗುಡ್ಡದಲ್ಲಿ ತುಂಗಭದ್ರಾ ನೀರು ಕುಡಿದ ಭತ್ತ ಬೆಳೀತೀವಿ, ಆದ್ರೆ ಪಕ್ಕದ ಹೊಲದ ಅಕ್ಕಿ ರುಚಿ ನಮಗೆ ಗೊತ್ತಿಲ್ಲ. ಎಕರೆಗೆ ಎಷ್ಟು ಚೀಲ ಅಂತ ಕೇಳ್ತೀವಿ, ಅನ್ನ ಹೆಂಗಿತ್ತು ಅಂತ ಕೇಳಲ್ಲ. ರುಚಿ ಗೊತ್ತಿಲ್ಲದವನು ರೇಟು ಕೇಳೋದು ಹೆಂಗೆ?

ಮುಂದಿನ ಅಮಾವಾಸ್ಯೆಗೆ ನಮ್ಮ ಮನಿಗೆ ಬರ್ರಿ. ತಲಾ ಒಂದು ಸೇರು ಅಕ್ಕಿ ತರ್ರಿ, ಹೊಸದು, ಹಳೇದು, ಯಾವುದಾದ್ರೂ. ಹೆಸರು ಮುಚ್ಚಿಟ್ಟು ಬೇಯಿಸೋಣ, ಉಣ್ಣೋಣ. ಸಾರು ನಮ್ದು. ಸೀಸೆ ಮಾತ್ರ ಖಾಲಿ ಆಗ್ಯಾವ, ಅದನ್ನ ಕೇಳಬ್ಯಾಡ್ರಿ.