ಕೈಬರಹದ ಕವನಪುಸ್ತಿಕೆಯನ್ನು ಬಿಡಬಾರದು

ನಮ್ಮ ಶಾಲೆಯ ಹತ್ತನೆಯ ಇಯತ್ತೆಯ ಹುಡುಗಿಯರು ಪ್ರತಿವರ್ಷ ದೀಪಾವಳಿಯ ಸೂಟಿ ಮುಗಿದ ಮೇಲೆ ಒಂದು ಕವನಪುಸ್ತಿಕೆಯನ್ನು ತಾವೇ ಬರೆದು, ತಾವೇ ಮಡಚಿ, ತಾವೇ ಹೊಲಿದು ಸಿದ್ಧಪಡಿಸುವ ರೂಢಿಯನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಅವರಲ್ಲಿ ಅನೇಕರ ಪೆಟ್ಟಿಗೆಯ ತಳದಲ್ಲಿ ಅಂಥದೊಂದು ಪುಸ್ತಿಕೆ ಇನ್ನೂ ಇದ್ದೀತೆಂದು ನಾವು ನಂಬಿದ್ದೇವೆ. ಈ ವರ್ಷದ ಪಾಲಕರ ಸಭೆಯಲ್ಲಿ ಈ ರೂಢಿಯ ವಿಷಯವಾಗಿ ಮೂರು ಸೂಚನೆಗಳು ಬಂದವು. ಹುಬ್ಬಳ್ಳಿಯಲ್ಲಿ ಬಣ್ಣದ ಚಿತ್ರಗಳೊಡನೆ ಅಚ್ಚುಹಾಕಿಸೋಣ, ವೆಚ್ಚ ನಮ್ಮದಿರಲಿ ಎಂದರು ಒಬ್ಬರು. ಅಚ್ಚಾದರೂ ಏಕೆ, ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದರಾಯಿತು ಎಂದರು ಮತ್ತೊಬ್ಬರು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ವರ್ಷದಲ್ಲಿ ಸೂಜಿದಾರ ಹಿಡಿದು ಕೂಡ್ರುವದೇ ಸಲ್ಲದೆಂದರು ಮೂರನೆಯವರು. ಮೂವರೂ ಶಾಲೆಯ ಹಿತವನ್ನು ಬಯಸಿಯೇ ಆಡಿದವರು. ಆದುದರಿಂದ ಅವಸರದ ಉತ್ತರವನ್ನು ಕೊಡದೆ, ವಿಚಾರಮಾಡಿ ಇಲ್ಲಿ ಬರೆಯುತ್ತಿದ್ದೇವೆ. ಈ ಪುಸ್ತಿಕೆಯು ಕೈಬರಹದ್ದಾಗಿಯೇ ಉಳಿಯಬೇಕೆಂಬದು ನಮ್ಮ ಅಭಿಪ್ರಾಯ.

ಈ ಅಭಿಪ್ರಾಯದ ಬೇರು ನಮ್ಮದೇ ಒಂದು ತಪ್ಪಿನಲ್ಲಿದೆ. ನಾವು ಬೇರೊಂದು ಊರಿನಲ್ಲಿ ಸಹಶಿಕ್ಷಕಿಯಾಗಿದ್ದ ಕಾಲ. ವರ್ಷದ ಕೊನೆಗೆ ಕಪಾಟು ತೆರವು ಮಾಡುವಾಗ ಹುಡುಗಿಯರ ಹಳೆಯ ವಹಿಗಳನ್ನೆಲ್ಲ ರದ್ದಿಯವನ ತಕ್ಕಡಿಗೆ ಹಾಕಿದೆವು. ಮೂರು ವರ್ಷಗಳ ಮೇಲೆ, ಜಾತ್ರೆಗೆಂದು ತವರಿಗೆ ಬಂದ ಒಬ್ಬಳು ಕೊರಳಲ್ಲಿ ಹೊಸ ತಾಳಿಯೊಡನೆ ಶಾಲೆಯ ಬಾಗಿಲಲ್ಲಿ ನಿಂತು, "ಅಕ್ಕೋರ, ನನ್ನ ಇತಿಹಾಸದ ವಹಿ ಐತೇನ್ರಿ?" ಎಂದು ಕೇಳಿದಳು. ಇತಿಹಾಸದ ವಹಿ ಈಗೇಕೆಂದು ನಾವು ಬೆರಗಾದೆವು. "ಹಿಂದಿನ ಹಾಳ್ಯಾಗ ನಾ ಬರದ ಪದಾ ಇದ್ದೂರಿ" ಎಂದಳು. ಆ ವಹಿಯನ್ನು ತಿದ್ದಿ ಅಂಕಗಳನ್ನಿತ್ತವರು ನಾವೇ. ಹಿಂದಿನ ಹಾಳೆಗಳನ್ನು ಮಾತ್ರ ಒಮ್ಮೆಯೂ ತಿರುವಿ ನೋಡಿರಲಿಲ್ಲ. ಇಲ್ಲವೆಂದು ಹೇಳಿದಾಗ ಅವಳು, "ಇರಲಿ ಬಿಡ್ರಿ" ಎಂದು ನಕ್ಕು ಹೋದಳು. ಅವಳು ಅತ್ತಿದ್ದರೆ ನಾವು ಮರೆಯುತ್ತಿದ್ದೆವೋ ಏನೋ. ಆ ನಗೆಯನ್ನು ಮರೆತಿಲ್ಲ.

ನಮ್ಮ ಹಳ್ಳಿಗಳಲ್ಲಿ ಹುಡುಗಿಯ ವಹಿಯ ಆಯುಷ್ಯ ಒಂದೇ ವರ್ಷ. ಅನಂತರ ಅದು ತೂಕಕ್ಕೆ ಹೋಗುತ್ತದೆ, ಇಲ್ಲವೆ ಒಲೆಗೆ. ಆದರೆ ಮಡಚಿ, ಹೊಲಿದು, ಹೊದಿಕೆ ಹಾಕಿ, ಹೆಸರಿಟ್ಟದ್ದನ್ನು ಓದು ಬಾರದ ಮನೆಯಲ್ಲಿಯೂ ಯಾರೂ ಬಿಸಾಡುವದಿಲ್ಲ. ಅದು ಕಾಲಿಗೆ ತಾಕಿದರೆ ಕಣ್ಣಿಗೊತ್ತಿಕೊಳ್ಳುವರು. ಬರೆದದ್ದು ಒಂದೇ ಆದರೂ ವಹಿಯ ಹಾಳೆಯಲ್ಲಿದ್ದರೆ ರದ್ದಿ, ಹೊಲಿದು ಕೊಟ್ಟರೆ ಪುಸ್ತಕ. ಈ ಶಾಲೆಗೆ ಬಂದ ಮೇಲೆ ನಾವು ಪುಸ್ತಿಕೆಯ ರೂಢಿಯನ್ನು ಹಾಕಿದ್ದು ಈ ಕಾರಣದಿಂದಲೇ.

ಪುಸ್ತಿಕೆಯನ್ನು ಮಾಡುವ ಬಗೆಯನ್ನು ಹೊಸ ಪಾಲಕರಿಗಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ನಾಲ್ಕು ಹಾಳೆಗಳನ್ನು ನಡುವೆ ಮಡಚಿ ಒಂದರೊಳಗೊಂದು ಇಟ್ಟರೆ 16 ಪುಟಗಳಾಗುವವು. ಕಾಗದಕ್ಕೂ ಬಟ್ಟೆಯ ಹಾಗೆ ಎಳೆಯುಂಟು. ಎಳೆಯ ಗುಂಟ ಮಡಚಿದರೆ ಮಡಿಕೆ ನೇರವಾಗಿ ಬರುತ್ತದೆ, ಅಡ್ಡ ಮಡಚಿದರೆ ಒಡೆಯುತ್ತದೆ. ಅಂಗಡಿಯಲ್ಲಿ ಕತ್ತರಿಸಿ ಮಾರುವ ಹಾಳೆಗಳಲ್ಲಿ ಈ ಎಳೆ ಸಾಮಾನ್ಯವಾಗಿ ಉದ್ದಕ್ಕೆ ಇರುವದರಿಂದ, ದೊಡ್ಡ ಚಿತ್ರಕಲೆಯ ಹಾಳೆಯನ್ನು ತಂದು, ಬಾಗಿಸಿ ನೋಡಿ, ನಾವೇ ಕತ್ತರಿಸಿಕೊಳ್ಳುತ್ತೇವೆ. ಪುಟಗಳ ಲೆಕ್ಕವೂ ಒಂದು ಪಾಠವೇ. ಹೊರಗಿನ ಹಾಳೆಯ ಒಂದು ಬದಿಗೆ 16 ಮತ್ತು 1, ಇನ್ನೊಂದು ಬದಿಗೆ 2 ಮತ್ತು 15. ಯಾವ ಬದಿಯನ್ನು ನೋಡಿದರೂ ಎರಡು ಅಂಕಿಗಳು ಕೂಡಿ 17 ಆಗಬೇಕು. ಮೊದಲ ವರ್ಷ ಈ ಸೂತ್ರವನ್ನು ನಾವೇ ತಿಳಿಯದೆ ಬರೆಯಿಸಲಾಗಿ, ಹೊಲಿದ ಮೇಲೆ ಒಂದೇ ಕವನದ ತಲೆ ಒಂದು ಕಡೆಗೂ ಕಾಲು ಇನ್ನೊಂದು ಕಡೆಗೂ ಬಿದ್ದು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬರೆಯುವಾಗ ಕನ್ನಡಕ್ಕೆ ಅದರದೇ ಆದ ಎಚ್ಚರ ಬೇಕು. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತುಗಳಿರುವದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು; ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯುತ್ತದೆ. ಹೊಲಿಗೆಯ ಕಡೆಗೆ ಹೆಚ್ಚು ಅಂಚನ್ನು ಬಿಡಬೇಕು. ತ್ರಿಪದಿಯ ಮೂರು ಸಾಲುಗಳು ಒಂದೇ ಪುಟದಲ್ಲಿರಬೇಕು. ಪುಟದ ತುಂಬ ಗುಲಾಬಿ, ನವಿಲು ಬರೆಯಬೇಕೆಂಬ ಆಸೆ ಎಲ್ಲ ಹುಡುಗಿಯರಿಗೂ ಉಂಟು. ಚಿತ್ರ ಒಂದೇ, ಅದೂ ಹೊದಿಕೆಯ ಮೇಲೆ ಎಂಬದು ನಮ್ಮ ನಿಯಮ. ಒಳಗೆ ಬರಿದಾಗಿ ಬಿಟ್ಟ ಜಾಗ ವ್ಯರ್ಥವಾದದ್ದಲ್ಲ. ಓದುವವಳು ಉಸಿರು ತೆಗೆದುಕೊಳ್ಳುವ ಸ್ಥಳವದು.

ಹೊಲಿಗೆಗೆ ಮೂರೇ ರಂಧ್ರಗಳು. ದಾರಕ್ಕೆ ಮೇಣಬತ್ತಿಯನ್ನು ಉಜ್ಜಿ, ಸೂಜಿಯನ್ನು ಒಳಗಿನಿಂದ ನಡುರಂಧ್ರದಲ್ಲಿ ಹೊರಗೆ ತೆಗೆದು, ಮೇಲಿನ ರಂಧ್ರದಿಂದ ಒಳಗೆ ತಂದು, ಒಳಗಡೆಯೇ ಇಳಿಸಿ ಕೆಳಗಿನ ರಂಧ್ರದಿಂದ ಹೊರಗೆ ಹಾಕಿ, ಮತ್ತೆ ನಡುರಂಧ್ರದಿಂದ ಒಳಗೆ ತಂದು ಗಂಟು ಹಾಕಿದರೆ ಕೆಲಸ ಮುಗಿಯಿತು. ಹೊಲಿಗೆಯನ್ನು ಮನೆಯಲ್ಲಿ ಮಾಡಿಕೊಂಡು ಬರಬೇಕೆಂದು ಹೇಳುತ್ತೇವೆ. ಅದರಲ್ಲಿ ನಮ್ಮದೊಂದು ಉದ್ದೇಶವುಂಟು. ನಮ್ಮ ಹುಡುಗಿಯರ ತಾಯಂದಿರಲ್ಲಿ ಓದು ಬಾರದವರು ಇನ್ನೂ ಇದ್ದಾರೆ. ಅವರಿಗೆ ಮಗಳ ಪಠ್ಯಪುಸ್ತಕದಲ್ಲಿ ಕೈಯಿಡಲು ಎಡೆಯಿಲ್ಲ. ಆದರೆ ಹಳೆಯ ಸೀರೆಗಳನ್ನು ಪದರಪದರವಾಗಿ ಕೂಡಿಸಿ ಕೌದಿ ಹೊಲಿದ ಕೈಗೆ ನಾಲ್ಕು ಹಾಳೆ ಹೊಲಿಯುವದನ್ನು ಯಾರು ಕಲಿಸಬೇಕು? ಹೊದಿಕೆಗೆ ಗುಳೇದಗುಡ್ಡದ ಖಣದ ತುಂಡನ್ನು ಆರಿಸಿ ಕೊಡುವವರು ಅವರು. ಮೈದಾಹಿಟ್ಟಿನ ಅಂಟನ್ನು ಗಂಟಿಲ್ಲದಂತೆ ಕಾಯಿಸುವವರು ಅವರು. ಒಬ್ಬ ತಾಯಿ ಪುಸ್ತಿಕೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ನಮಗೆ ತೋರಿಸುತ್ತ, "ಇದನ್ನ ನಾ ಹೊಲದೇನ್ರಿ ಅಕ್ಕೋರ" ಎಂದರು. ಅಚ್ಚಿನ ಪುಸ್ತಕದ ವಿಷಯದಲ್ಲಿ ಅವರು ಈ ಮಾತನ್ನು ಆಡಬಲ್ಲರೇ?

ಅಷ್ಟೇ ಅಲ್ಲ. ಪುಸ್ತಿಕೆಯ ಅರ್ಧದಷ್ಟು ಪುಟಗಳನ್ನು ತಾಯಿ, ಅಜ್ಜಿ, ನೆರೆಯ ಹಿರಿಯರಿಂದ ಕೇಳಿ ಬರೆದುಕೊಂಡ ಹಾಡುಗಳಿಗೆ ಮೀಸಲಿಟ್ಟಿದ್ದೇವೆ. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಹಾಕಿ ಗರತಿಯ ಹಾಡು ಎಂಬ ಸಂಗ್ರಹವನ್ನು 1931ರಲ್ಲಿ ಹೊರತಂದರು. ಅಂದು ಪ್ರತಿ ಮನೆಯಲ್ಲಿಯೂ ಬೀಸುವ ಕಲ್ಲು ತಿರುಗುತ್ತಿತ್ತು. ಇಂದು ಜೋಳ ಗಿರಣಿಗೆ ಹೋಗುತ್ತದೆ. ಕಲ್ಲು ಹಿತ್ತಲಲ್ಲಿ ಬಿದ್ದಿದೆ. ಹಾಡು ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿದೆ. ಕೇಳಿ ಬರೆದುಕೊಳ್ಳಲು ಮೊಮ್ಮಗಳಿಗಿಂತ ಯೋಗ್ಯರು ಯಾರು?

ಹೀಗೆಂದ ಮಾತ್ರಕ್ಕೆ ನಾವು ಅಚ್ಚನ್ನು ಹಳಿಯುವವರಲ್ಲ. ಮಿಶನ್ ಶಾಲೆಗಳಲ್ಲಿ ಕಲಿತ ನಾವು ಹಳಿದರೆ ಕೃತಘ್ನರಾದೇವು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಕಿಟೆಲ್ ಸಾಹೇಬರ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಆದರೆ ಒಂದು ಸಂಗತಿಯನ್ನು ನೆನೆಯಬೇಕು. ಮೋಗ್ಲಿಂಗ್ ಸಾಹೇಬರು 1843ರಲ್ಲಿ ಹೊರಡಿಸಿದ ಮಂಗಳೂರು ಸಮಾಚಾರ, ಅಂದರೆ ಕನ್ನಡದ ಮೊದಲನೆಯ ವೃತ್ತಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಿತವಾದದ್ದು. ಕಲ್ಲಚ್ಚೆಂದರೆ ಕೈಯಿಂದ ಬರೆದದ್ದನ್ನೇ ಕಲ್ಲಿಗಿಳಿಸಿ ತೆಗೆದ ಪ್ರತಿ. ಅಚ್ಚೂ ಮೊದಲು ಕೈಬರಹದ ಮಗಳೇ. ಪುಸ್ತಿಕೆ ಸಿದ್ಧವಾದ ಮೇಲೆ ಅದರ ಹತ್ತು ಪ್ರತಿಗಳನ್ನು ಯಾರಾದರೂ ಅಚ್ಚುಹಾಕಿಸಿದರೆ ನಮಗೆ ಸಂತೋಷವೇ. ಕೈಕೆಲಸದ ಬದಲಿಗೆ ಅಚ್ಚು ಬರಬಾರದು, ಅಷ್ಟೆ. ಮೊಬೈಲಿನ ಮಾತೂ ಹಾಗೆಯೇ. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರ ಮನೆಯಲ್ಲಿರುವ ಮೊಬೈಲು ತಂದೆಯದು ಅಥವಾ ಅಣ್ಣನದು. ಅದರೊಳಗಿಟ್ಟ ಕವನವನ್ನು ಓದಲು ಅವಳು ಕೇಳಿಕೊಳ್ಳಬೇಕು. ಪೆಟ್ಟಿಗೆಯಲ್ಲಿಟ್ಟ ಪುಸ್ತಿಕೆಗೆ ಯಾರ ಅಪ್ಪಣೆಯೂ ಬೇಡ.

ಹೊಲಿದಿಟ್ಟ ಕವನ ಎಷ್ಟು ದೂರ ಬಾಳುತ್ತದೆಂಬದಕ್ಕೆ ಪರದೇಶದ ಒಂದು ದೃಷ್ಟಾಂತವುಂಟು. ಅಮೇರಿಕೆಯ ಎಮಿಲಿ ಡಿಕಿನ್ಸನ್ ಎಂಬಾಕೆ ಮನೆ ಬಿಟ್ಟು ಹೆಚ್ಚು ಹೊರಡಲಿಲ್ಲ. ಬದುಕಿದ್ದಾಗ ಅವಳ ಕವನಗಳಲ್ಲಿ ಕೆಲವೇ ಅಚ್ಚಾದವು. 1886ರಲ್ಲಿ ಅವಳು ತೀರಿಕೊಂಡ ಮೇಲೆ ತಂಗಿಯು ಕೋಣೆಯನ್ನು ನೋಡಲಾಗಿ, ಮಡಚಿದ ಹಾಳೆಗಳನ್ನು ದಾರದಿಂದ ಹೊಲಿದ ಸುಮಾರು 40 ಪುಸ್ತಿಕೆಗಳು ಸಿಕ್ಕವು. ಇಂದು ಅವಳು ಇಂಗ್ಲಿಷ್ ಭಾಷೆಯ ಮಹಾಕವಿಗಳಲ್ಲೊಬ್ಬಳು. ಅಷ್ಟು ದೂರ ಹೋಗುವದೇಕೆ? ನಮ್ಮ ಅಣ್ಣಿಗೇರಿಗೆ ಹತ್ತಿರದ ಲಕ್ಕುಂಡಿಯ ಅತ್ತಿಮಬ್ಬೆಯು, ಪೊನ್ನಕವಿಯ ಶಾಂತಿಪುರಾಣ ಅಳಿದುಹೋಗಬಾರದೆಂದು ಓಲೆಗರಿಯ ಮೇಲೆ ಅದರ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವಳನ್ನು ಕೊಂಡಾಡುವ 1007ರ ಶಾಸನ ಲಕ್ಕುಂಡಿಯ ಬಸದಿಯಲ್ಲಿದೆ. ಕಾವ್ಯವನ್ನು ಉಳಿಸುವ ಕೆಲಸ ಈ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಒಬ್ಬ ಹೆಣ್ಣುಮಗಳದಾಗಿತ್ತು.

ಇನ್ನು ಪರೀಕ್ಷೆಯ ಮಾತು. ಈ ಕೆಲಸಕ್ಕೆ ತಗಲುವದು ಆರು ಶನಿವಾರಗಳು. ಇದರಿಂದ ಅಂಕಗಳು ಏರುತ್ತವೆಂದು ನಾವು ಹೇಳಲಾರೆವು. ಆದರೆ ಮಾತ್ರೆಯನ್ನೆಣಿಸಿ ಪ್ರಸ್ತಾರ ಹಾಕುವದು ಕನ್ನಡ ಪರೀಕ್ಷೆಯಲ್ಲಿಯೂ ಉಂಟು. ತನ್ನದೇ ಸಾಲಿಗೆ ಪ್ರಸ್ತಾರ ಹಾಕಿದವಳು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಕೊನೆಯದು ಸಭೆಯಲ್ಲಿ ಬಾರದ, ನಮ್ಮ ಕೋಣೆಗೆ ಬಂದು ಮೆಲ್ಲಗೆ ಆಡಿದ ಮಾತು. "ಪುಸ್ತಕ ಮಾಡ್ಲಿರಿ, ಹೆಸರು ಮಾತ್ರ ಹಾಕಬ್ಯಾಡ್ರಿ; ಹೆಣ್ಣುಹುಡುಗಿ ಹೆಸರು ಊರ ಬಾಯಿಗೆ ಬೀಳಬಾರದು" ಎಂದು ಒಬ್ಬ ತಂದೆ ಕೇಳಿಕೊಂಡರು. ಅವರ ಭಯವನ್ನು ನಾವು ಬಲ್ಲೆವು. ನಾವೂ ಹಳ್ಳಿಯಲ್ಲಿ ಬೆಳೆದವರೇ. ಆದರೂ ಒಪ್ಪಲಿಲ್ಲ. ನವಲಗುಂದದ ಜಮಖಾನೆಯನ್ನು ನೆಯ್ದ ಹೆಣ್ಣುಮಗಳ ಹೆಸರನ್ನು ಕೊಳ್ಳುವವರು ಕೇಳುವದಿಲ್ಲ. ಬೀಸುವ ಹಾಡನ್ನು ಕಟ್ಟಿದವಳ ಹೆಸರು ನಮಗೆ ಬಂದಿಲ್ಲ. ಆದರೆ ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಮನೆತನದವಳೆಂಬದನ್ನು ನಾವು ಇಂದಿಗೂ ಹೇಳುತ್ತೇವೆ. ಯಾಕಂದರೆ ಪಂಪನ ತಮ್ಮ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಅದನ್ನು ಕೆತ್ತಿಸಿದನು. ಬರೆದಿಟ್ಟದ್ದರಿಂದ ಅವಳ ಹೆಸರು ಉಳಿಯಿತು. ಅದರಿಂದ ಆ ಮನೆತನಕ್ಕೆ ಕುಂದು ಬರಲಿಲ್ಲ, ಕೀರ್ತಿಯೇ ಬಂದಿತು. ಆ ತಂದೆ ಮರುದಿನ ಬಂದು, ಮಗಳ ಹೆಸರಿನ ಮುಂದೆ ಊರಿನ ಹೆಸರನ್ನೂ ಹಾಕಬಹುದೇ ಎಂದು ಕೇಳಿದರು. ಹಾಕಿದೆವು.

ಪಾಲಕರಲ್ಲಿ ನಮ್ಮ ವಿನಂತಿ ಎರಡು. ಮಗಳು ತಂದ ಪುಸ್ತಿಕೆಯನ್ನು ಒಮ್ಮೆ ಮನೆಯವರೆಲ್ಲ ಕುಳಿತು ಕೇಳಿರಿ, ಅವಳೇ ಓದಲಿ. ಅವಳು ಗಂಡನ ಮನೆಗೋ ಕಾಲೇಜಿಗೋ ಹೊರಟಾಗ ಅದನ್ನು ಅವಳ ಸಾಮಾನಿನೊಡನೆ ಕಳಿಸಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ವಿನಂತಿ ಒಂದೇ. ನಿಮ್ಮ ಪುಸ್ತಿಕೆಯ ಹಾಡುಗಳನ್ನು ಇನ್ನೊಮ್ಮೆ ಕೈಯಿಂದ ನಕಲು ಮಾಡಿ ಶಾಲೆಯ ಗ್ರಂಥಾಲಯಕ್ಕೆ ಕಳಿಸಿರಿ. ಅವುಗಳಿಗಾಗಿ ಒಂದು ಕಪಾಟನ್ನು ತೆರವು ಮಾಡಿದ್ದೇವೆ. ಈ ಸಲ ತೆರವು ಮಾಡುವಾಗ ಪ್ರತಿಯೊಂದು ವಹಿಯ ಹಿಂದಿನ ಹಾಳೆಗಳನ್ನೂ ತಿರುವಿ ನೋಡಿದ್ದೇವೆ.