ಆಫರ್ ವಾಪಸ್ ಹೋದ್ರೆ? (ಪ್ಲೇಸ್‌ಮೆಂಟ್ ಸರಣಿ, ಭಾಗ 5)

ಹೋದ ವಾರ ಆಫರ್ ಲೆಟರ್ ಹೇಗೆ ಓದಬೇಕು ಅಂತ ಬರೆದಿದ್ದೆ. ಅದಕ್ಕೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಆಫರ್ ಬಂದಿತ್ತು, ಈಗ ಕ್ಯಾನ್ಸಲ್ ಅಂತ ಮೇಲ್ ಬಂದಿದೆ, ಏನ್ ಮಾಡ್ಲಿ?" ಹಾಗಾಗಿ ಇವತ್ತು ಅದೇ ವಿಷಯ.

ಮೊದಲು ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ. ನಮ್ಮ ಕಾಲೇಜುಗಳು ಆಫರ್ ಎಣಿಸ್ತವೆ, ಕೆಲಸಕ್ಕೆ ಸೇರಿದವರನ್ನ ಎಣಿಸಲ್ಲ. ಗೇಟ್ ಪಕ್ಕದ ಫ್ಲೆಕ್ಸಲ್ಲಿ ನಿಮ್ಮ ಫೋಟೋ, ಕೆಳಗೆ ಕಂಪನಿ ಹೆಸರು, ಪ್ಯಾಕೇಜು. ಆಫರ್ ವಾಪಸ್ ಹೋದ ದಿನ ಅದನ್ನ ಇಳಿಸೋಕೆ ಯಾರೂ ಏಣಿ ತರಲ್ಲ. ಮುಂದಿನ ವರ್ಷದ ಅಡ್ಮಿಷನ್ ಬ್ರೋಷರಲ್ಲೂ ನೀವು 'ಪ್ಲೇಸ್ಡ್'. ಫೋಟೋ ಇದ್ರೆ ಇರಲಿ ಬಿಡಿ, ಚೆನ್ನಾಗೇ ಬಂದಿರುತ್ತೆ. ತೊಂದ್ರೆ ಇರೋದು ಬೇರೆ ಕಡೆ: ಲೆಕ್ಕದಲ್ಲಿ ನೀವು ಪ್ಲೇಸ್ಡ್ ಆಗಿರೋವರೆಗೂ ಮುಂದೆ ಬರೋ ಕಂಪನಿಗಳ ಲಿಸ್ಟಿಗೆ ನಿಮ್ಮ ಹೆಸರು ಹೋಗಲ್ಲ.

ಒಬ್ಬರಿಗೆ ಒಂದೇ ಆಫರ್ ಅನ್ನೋ ನಿಯಮವನ್ನ ನಾನು ಬೈಯಲ್ಲ. ಒಬ್ಬನೇ ನಾಲ್ಕು ಆಫರ್ ಹಿಡ್ಕೊಂಡು ಕೂತ್ರೆ ಪಕ್ಕದ ಬೆಂಚಿನವನಿಗೆ ಸಿಗಲ್ಲ. ಆದ್ರೆ ಕೈಲಿದ್ದ ಆ ಒಂದೂ ಹೋದ್ಮೇಲೆ ನಿಯಮ ಇಟ್ಕೊಳ್ಳೋಕೆ ಕಾರಣ ಏನಿದೆ? ಮೇಲ್ ಬಂದ ವಾರದೊಳಗೆ ಪ್ಲೇಸ್‌ಮೆಂಟ್ ಆಫೀಸರ್‌ಗೆ ಬರವಣಿಗೆಯಲ್ಲಿ ಕೇಳಿ: "ಆಫರ್ ರದ್ದಾಗಿದೆ, ಮೇಲ್ ಲಗತ್ತಿಸಿದ್ದೇನೆ, ನನ್ನ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿ." ಎಚ್‌ಓಡಿಗೂ ಒಂದು ಕಾಪಿ ಇರಲಿ. ಕಾರಿಡಾರಲ್ಲಿ ಸಿಕ್ಕಾಗ ಬಾಯಲ್ಲಿ ಹೇಳಿದ್ರೆ "ನೋಡೋಣಪ್ಪಾ" ಅಂತ ಉತ್ತರ ಬರುತ್ತೆ, ಅಷ್ಟೇ. ಅದೇ ಕಂಪನಿಯಿಂದ ಐದಾರು ಜನಕ್ಕೆ ಹೀಗಾಗಿದ್ರೆ ಎಲ್ರೂ ಒಂದೇ ಪತ್ರಕ್ಕೆ ಸಹಿ ಹಾಕಿ.

ಕಂಪನಿ ಜೊತೆ ಮಾತಾಡೋದೂ ಕಾಲೇಜಿನ ಕೆಲಸವೇ. 2016ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಂಪಸ್‌ನಿಂದ ತಗೊಂಡವರ ಜಾಯಿನಿಂಗನ್ನ ಜೂನ್‌ನಿಂದ ಡಿಸೆಂಬರ್‌ಗೆ ತಳ್ಳಿದಾಗ ಅಹಮದಾಬಾದಿನ ಐಐಎಂ ಸುಮ್ನೆ ಕೂರಲಿಲ್ಲ, ಕಂಪನಿಗೆ ಪತ್ರ ಬರೆದು ಕೇಳಿತು. ನಮ್ಮ ಕಾಲೇಜಿಗೆ ಅಷ್ಟು ತೂಕ ಇಲ್ಲ, ಒಪ್ಪಿದೆ. ಆದ್ರೆ ಮುಂದಿನ ಸೆಪ್ಟೆಂಬರಲ್ಲಿ ಅದೇ ಎಚ್‌ಆರ್‌ನ ಹೂಗುಚ್ಛ ಕೊಟ್ಟು ಸ್ವಾಗತ ಮಾಡೋ ಮುಂಚೆ "ಹೋದ ಸಲದ ನಮ್ಮ ಹುಡುಗರದ್ದು ಏನಾಯ್ತು?" ಅಂತ ಒಂದು ಮಾತು ಕೇಳಬಹುದಲ್ವಾ?

"ನನ್ನಲ್ಲೇ ಏನೋ ಕಮ್ಮಿ ಇತ್ತೇನೋ" ಅಂತ ಬರೆದವರಿಗೆ: 2023ರ ಫೆಬ್ರವರಿಯಲ್ಲಿ ವಿಪ್ರೋ ವರ್ಷಕ್ಕೆ 6.5 ಲಕ್ಷದ ಆಫರ್ ಕೊಟ್ಟಿದ್ದ ಫ್ರೆಶರ್‌ಗಳಿಗೆ 3.5 ಲಕ್ಷಕ್ಕೆ ಸೇರ್ತೀರಾ ಅಂತ ಕೇಳಿತ್ತು. 2022ರ ಬ್ಯಾಚಿನ ಸುಮಾರು 2,000 ಜನರನ್ನ ಇನ್ಫೋಸಿಸ್ ಇನ್ನೂ ಸೇರಿಸಿಕೊಂಡಿಲ್ಲ ಅಂತ 2024ರಲ್ಲಿ ಐಟಿ ನೌಕರರ ಸಂಘಟನೆಯೊಂದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡ್ತು. ಕೊಟ್ಟ ಆಫರ್‌ಗಳನ್ನ ಉಳಿಸ್ಕೊಳ್ತೀವಿ ಅಂತ ಕಂಪನಿ ಹೇಳ್ತು, ಆಮೇಲೆ ಜಾಯಿನಿಂಗ್ ದಿನಾಂಕಗಳೂ ಬಂದವು. ಅಷ್ಟೂ ಜನಕ್ಕೆ ಒಟ್ಟಿಗೆ ಕೋಡಿಂಗ್ ಮರೆತುಹೋಗಿತ್ತಾ? ಪ್ರಾಜೆಕ್ಟ್ ಬರಲ್ಲ ಅಂದಾಗ ಕಂಪನಿಗಳು ಮೊದಲು ನಿಲ್ಲಿಸೋದು ಇನ್ನೂ ಒಳಗೆ ಬರದೇ ಇರೋರನ್ನ, ಯಾಕಂದ್ರೆ ಅವರಿಗೆ ಸಂಬಳವೂ ಇಲ್ಲ, ನೋಟಿಸ್ ಪೀರಿಯಡ್ಡೂ ಇಲ್ಲ.

ನನ್ನ ಪ್ರಕಾರ ಕ್ಯಾನ್ಸಲ್‌ಗಿಂತ ಕೆಟ್ಟದ್ದು 'ಮುಂದಕ್ಕೆ ಹಾಕಿದ್ದೇವೆ'. ಕ್ಯಾನ್ಸಲ್ ಆದ್ರೆ ಒಂದು ದಿನ ಅಳ್ತೀರಿ, ಮಾರನೇ ದಿನ ಹುಡುಕ್ತೀರಿ. ಮುಂದಕ್ಕೆ ಹಾಕಿದ್ರೆ ಕಾಯ್ತೀರಿ. ಆ ಕಾಯೋದಕ್ಕೆ ಒಂದು ಬೆಲೆ ಇದೆ, ಅದನ್ನ ಯಾರೂ ಹೇಳಲ್ಲ. ಫ್ರೆಶರ್ ಡ್ರೈವ್‌ಗಳ ನೋಟಿಫಿಕೇಶನ್ ಓದಿ ನೋಡಿ: ಸಾಮಾನ್ಯವಾಗಿ ಇಂಥ ವರ್ಷ ಪಾಸಾದವರು ಮಾತ್ರ ಅಂತ ಇರುತ್ತೆ. ಹೊಸ ಬ್ಯಾಚ್ ಹೊರಗೆ ಬಂದ ತಕ್ಷಣ ನಿಮ್ಮ ವರ್ಷ ಆ ಸಾಲಿನಿಂದ ಬಿದ್ದುಹೋಗುತ್ತೆ. ಅನುಭವ ಇದ್ದವರ ಕೆಲಸಕ್ಕೆ ಹಾಕೋಣ ಅಂದ್ರೆ ಅನುಭವ ಇಲ್ಲ. 'ಆಫರ್ ಇದೆಯಲ್ಲಾ' ಅಂತ ಹತ್ತು ತಿಂಗಳು ಕೂತವರು ಹೀಗೆ ಎರಡೂ ಕಡೆ ಸಲ್ಲದೋರಾಗ್ತಾರೆ. ಅದಕ್ಕೇ ಡೇಟ್ ಒಂದು ಸಲ ಮುಂದೆ ಹೋದ್ರೆ ಕಾಯ್ತಾನೇ ಹುಡುಕಿ. ಎರಡನೇ ಸಲ ಹೋದ್ರೆ ಆ ಕೆಲಸ ಇಲ್ಲ ಅಂತಲೇ ಲೆಕ್ಕ ಹಾಕಿ. ಆಮೇಲೆ ಬಂದ್ರೆ ಸಂತೋಷ.

ಕಂಪನಿಗೆ ಏನು ಬರೀಬೇಕು? ಚಿಕ್ಕ ಉತ್ತರ ಸಾಕು: ಇದು ರದ್ದೋ ಮುಂದೂಡಿಕೆಯೋ, ಕಾರಣ ಏನು, ಮತ್ತೆ ಅಪ್ಲೈ ಮಾಡೋಕೆ ನನಗೆ ಏನಾದ್ರೂ ತಡೆ ಇದೆಯಾ. ಸಿಟ್ಟು ಬೇಡ, ಅಂಗಲಾಚೋದೂ ಬೇಡ. ಫೋನಲ್ಲಿ ಹೇಳಿದ್ರೆ "ದಯವಿಟ್ಟು ಮೇಲ್ ಮಾಡಿ" ಅನ್ನಿ. ಕಾಲೇಜಿಗೆ ತೋರಿಸೋಕೆ ಆ ಮೇಲೇ ಬೇಕು.

"ಕೇಸ್ ಹಾಕಬಹುದಾ?" ಕೇಳಿದವರು ತುಂಬಾ ಜನ. ಕೈಲಿರೋದು ಬರೀ ಲೆಟರ್ ಆಫ್ ಇಂಟೆಂಟ್ ಆಗಿದ್ರೆ ಅದರಲ್ಲೇ 'ಇದು ನೇಮಕಾತಿ ಅಲ್ಲ' ಅನ್ನೋ ಸಾಲು ಇದೆಯಾ ನೋಡಿ. ನೇಮಕಾತಿ ಪತ್ರವನ್ನೇ ಒಪ್ಪಿ ಸಹಿ ಹಾಕಿದ್ರೆ 1872ರ ಕರಾರು ಕಾಯ್ದೆ ಪ್ರಕಾರ ನಷ್ಟ ಕೇಳಬಹುದು, ಆದ್ರೆ ಪತ್ರದೊಳಗಿನ ಷರತ್ತುಗಳು ಅಡ್ಡ ಬರ್ತವೆ. 'ಇವನನ್ನ ಕೆಲಸಕ್ಕೆ ಇಟ್ಕೋ' ಅಂತ ಖಾಸಗಿ ಕಂಪನಿಗೆ ಕೋರ್ಟು ಸಾಮಾನ್ಯವಾಗಿ ಹೇಳಲ್ಲ. ಫ್ರೆಶರ್‌ಗೆ ಅಷ್ಟು ವರ್ಷ ಅಲೆದಾಡೋದು ಲಾಭ ಇಲ್ಲ ಅಂತ ನನಗನ್ಸುತ್ತೆ. ಆದ್ರೆ ಇದನ್ನ ನಂಬಿ ಇದ್ದ ಕೆಲಸ ಬಿಟ್ಟವರ ಕಥೆ ಬೇರೆ, ಅವರು ಒಬ್ಬ ವಕೀಲರನ್ನ ಒಂದು ಸಲ ಕಾಣೋದು ಒಳ್ಳೇದು. ಅದಕ್ಕೂ ಮುಂಚೆ ಹಳೇ ಮ್ಯಾನೇಜರ್‌ಗೆ ಫೋನ್ ಮಾಡಿ. ನೋಟಿಸ್ ಪೀರಿಯಡ್ ಇನ್ನೂ ಮುಗಿದಿಲ್ಲ ಅಂದ್ರೆ ರಾಜೀನಾಮೆ ವಾಪಸ್ ತಗೊಳ್ಳೋಕೆ ಕೇಳಬಹುದು.

ದುಡ್ಡಿನ ವಿಷಯ. ಜಾಯಿನಿಂಗ್ ಡೇಟ್ ಪಕ್ಕಾ ಆಗೋವರೆಗೆ ಬೆಂಗಳೂರಲ್ಲಿ ಪಿಜಿ ಅಡ್ವಾನ್ಸ್ ಕೊಡಬೇಡಿ. ಎಜುಕೇಶನ್ ಲೋನ್ ಇದ್ರೆ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ, ಬಡ್ಡಿ ಮಾತ್ರ ಬೆಳೀತಿರುತ್ತೆ. ಕಂತು ತಪ್ಪಿದ ಮೇಲೆ ಹೋಗೋದಕ್ಕಿಂತ ಮೊದಲೇ ಬ್ರಾಂಚಿಗೆ ಹೋಗಿ ಮಾತಾಡಿ. ಪಾಸಾಗಿ ಆರು ತಿಂಗಳಾದ್ರೂ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಇದೆ. ನಿಮ್ಮ ಬ್ಯಾಚಿಗೆ ಅನ್ವಯಿಸುತ್ತಾ ಅಂತ ಸೇವಾಸಿಂಧುವಲ್ಲಿ ನೋಡ್ಕೊಳ್ಳಿ. ಆಫರ್ ಹೋದ ಸುದ್ದಿ ಹಬ್ಬಿದ್ರೆ ಟೆಲಿಗ್ರಾಮಲ್ಲಿ 'ಬ್ಯಾಕ್‌ಡೋರ್' ಅಂತ ಬರೋರೂ ಇರ್ತಾರೆ: ಡೆಪಾಸಿಟ್ ಕೊಡಿ, ಜಾಯಿನಿಂಗ್ ಮಾಡಿಸ್ತೀವಿ. ಒಂದು ರೂಪಾಯಿನೂ ಕೊಡ್ಬೇಡಿ. ನೊಂದಿರೋ ಹೊತ್ತಲ್ಲೇ ಇವರು ಬರೋದು.

ಇನ್ನು ಮನೆ. ಅಮ್ಮ ಆಗಲೇ ಬೀದಿಗೆಲ್ಲ ಸ್ವೀಟ್ ಹಂಚಿರ್ತಾರೆ, "ಯಾವಾಗಪ್ಪಾ ಜಾಯಿನಿಂಗು?" ಅಂತ ಮಾವ ಪ್ರತಿ ಮದುವೇಲೂ ಕೇಳ್ತಾರೆ. ಹೇಳದೇ ಮುಚ್ಚಿಟ್ಟು, ದಿನಾ ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಲೈಬ್ರರಿಗೆ ಹೋಗೋ ಹುಡುಗರಿದ್ದಾರೆ, ನಮ್ಮ ಮಧ್ಯೆನೇ ಇದ್ದಾರೆ. ಒಂದೇ ಸಾಲು ಸಾಕು ಗುರು: "ಕಂಪನಿಯವರು ತಗೊಳ್ಳೋದು ನಿಲ್ಸಿದ್ದಾರೆ, ನಾನು ಬೇರೆ ಹುಡುಕ್ತಿದೀನಿ." ಮುಂದಿನ ಇಂಟರ್‌ವ್ಯೂನಲ್ಲಿ ಗ್ಯಾಪ್ ಬಗ್ಗೆ ಕೇಳಿದ್ರೂ ಇದೇ ಸಾಲು. ಎದುರು ಕೂತೋರಿಗೂ ಈ ಮಾರ್ಕೆಟ್ ಗೊತ್ತಿರುತ್ತೆ.

ನಿಮ್ಮ ಕಾಲೇಜಲ್ಲಿ ಆಫರ್ ಹೋದವರನ್ನ ಮತ್ತೆ ಡ್ರೈವ್‌ಗೆ ಕೂರಿಸ್ತಾರಾ ಇಲ್ವಾ, ಕಾಲೇಜಿನ ಹೆಸರು ಬೇಡ, ಊರು ಮಾತ್ರ ಹಾಕಿ ಕಮೆಂಟ್ ಮಾಡಿ. ಮುಂದಿನ ವಾರ: ಎರಡು ವರ್ಷದ ಬಾಂಡು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳೋ ಕಂಪನಿಗಳು.